ಮೂವತ್ತು ಚೌಕದ ಹೆಸರು

ಚೀಲದ ಬಾಯಿ ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಒಣಗಿದ ರಿಬ್ಬನ್ನಿನ ಮಸಿ, ಮಿಷಿನ್ನಿಗೆ ಬಿಡುವ ಎಣ್ಣೆ, ಹುಳ ಹಿಡಿಯದಿರಲೆಂದು ಹಾಕಿದ್ದ ನಾಲ್ಕು ನುಸಿಗುಳಿಗೆ. ಇವೆಲ್ಲದರ ಕೆಳಗೆ, ತೀರಾ ಮಂದವಾಗಿ, ಜೋಳದ ಹಿಟ್ಟಿನ ವಾಸನೆ. ಹಿಟ್ಟಿನ ವಾಸನೆ ಇಷ್ಟು ವರ್ಷ ಕಾಗದದಲ್ಲಿ ಉಳಿಯುತ್ತದೆಯೋ ಇಲ್ಲವೋ ನನಗೆ ತಿಳಿಯದು. ನನ್ನ ಮೂಗೇ ಸೇರಿಸಿಕೊಂಡಿದ್ದರೂ ಸೇರಿಸಿಕೊಂಡಿರಬಹುದು.

ಚೀಲ ತಂದುಕೊಟ್ಟವರು ನನಗೆ ಕಂಪ್ಯೂಟರ್ ಕಲಿಸಿದ ಸರ್ ಅವರ ಹೆಂಡತಿ. ನಾನು ಅವರನ್ನು ಮೊದಲಿಂದಲೂ ಅಕ್ಕ ಎಂದೇ ಕರೆಯುವುದು. ಮೊನ್ನೆ ಬೆಳಿಗ್ಗೆ ನಾನು ಅಂಗಳದಲ್ಲಿ ಶೇಂಗಾ ಹರವುತ್ತಿದ್ದಾಗ ಬಂದರು. ಕೊಟ್ಟೂರಿನ ಮನೆ ಬಿಟ್ಟು ಹರಪನಹಳ್ಳಿಯ ಮಗಳ ಹತ್ತಿರ ಹೋಗುವವರಿದ್ದರು. “ಗುಜರಿಯವನಿಗೆ ಹಾಕಾಕ ಮನಸ ಬರಲಿಲ್ಲವಾ. ನನಗಂತೂ ಇದರಾಗಿನ ಒಂದಕ್ಷರ ತಿಳಿಯಂಗಿಲ್ಲ. ನಿನಗಾದ್ರ ತಿಳಿತೈತಿ” ಎಂದರು. ಅರ್ಧ ಲೋಟ ಚಹಾ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಚೀಲದಲ್ಲಿ ಹಳೇ ರಿಬ್ಬನ್ನಿನ ಡಬ್ಬಿ ಒಂದು, ಪ್ರಿಂಟರ್ ಹಾಳೆಯ ಅಂಚಿನಿಂದ ಹರಿದ ತೂತಿನ ಪಟ್ಟಿಗಳ ಎರಡು ಸುರುಳಿ, ಒಂದು ದಪ್ಪನೆಯ ಚೌಕಳಿ ನೋಟ್‌ಬುಕ್. ನೋಟ್‌ಬುಕ್ಕನ್ನು ತಕ್ಷಣ ತೆರೆಯಲಿಲ್ಲ. ಪಟ್ಟಿಯ ಸುರುಳಿ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತೆ. ಈ ಪಟ್ಟಿಗಳನ್ನು ಸರ್ ಎಸೆಯುತ್ತಿರಲಿಲ್ಲ. ಅಕ್ಕ ಇವುಗಳಿಂದಲೇ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದರು…

ನಮ್ಮ ಸರ್ ಕಂಪ್ಯೂಟರ್ ಕಲಿಸುತ್ತಿದ್ದುದು ಕೂಡ್ಲಿಗಿ ರಸ್ತೆಯ ಒಂದು ಹಿಟ್ಟಿನ ಗಿರಣಿಯ ಮೇಲೆ, ಎರಡು ಕೋಣೆಗಳಲ್ಲಿ. ಮೂರು ಕಂಪ್ಯೂಟರ್, ಒಂದು ಪ್ರಿಂಟರ್. ಪ್ರಿಂಟರಿಗೆ ಅಕ್ಕ ಕಸೂತಿ ಹಾಕಿದ ಬಟ್ಟೆಯ ಮುಸುಕು. ಕೆಳಗಿನ ಗಿರಣಿ ಶುರುವಾದರೆ ಮೇಜು ಸಣ್ಣಗೆ ನಡುಗುತ್ತಿತ್ತು, ಕೀಲಿಮಣೆಯ ಮೇಲೆ ಹಿಟ್ಟು ಕೂರುತ್ತಿತ್ತು. ಬೆಳಿಗ್ಗೆ ಬಂದವರ ಮೊದಲ ಕೆಲಸ ಹಳೇ ಬನಿಯನ್ ಬಟ್ಟೆಯಿಂದ ಅದನ್ನು ಒರೆಸುವುದು. ಚಪ್ಪಲಿ ಮೆಟ್ಟಿಲ ಕೆಳಗೇ ಬಿಡಬೇಕು. ಸರ್ ಉದ್ದ ತೋಳಿನ ಬಿಳಿ ಅಂಗಿ ತೊಟ್ಟು, ತೋಳನ್ನು ಎರಡು ಸುತ್ತು ಮಡಚಿ ಕೂತಿರುತ್ತಿದ್ದರು. ಆ ಮಡಿಕೆಯಲ್ಲಿ ಸದಾ ಮಸಿ.

ಬಳ್ಳಾರಿ, ದಾವಣಗೆರೆ ಕಡೆಯ ಸೆಂಟರುಗಳಲ್ಲಿ ಆಗ ಬಣ್ಣದ ಚಿತ್ರ ಬಿಡಿಸುವುದು, ಆಟ ಆಡುವುದು ಎಲ್ಲ ಕಲಿಸುತ್ತಿದ್ದರಂತೆ. ನಮ್ಮ ಸರ್ ಕಲಿಸಿದ್ದು ಹೆಚ್ಚುಕಡಿಮೆ ಒಂದೇ ವಿದ್ಯೆ: ಪ್ರೋಗ್ರಾಂ ಹೊರಗೆ ಹಾಕುವ ಅಕ್ಷರಗಳನ್ನು ಸಾಲಾಗಿ, ಅಚ್ಚುಕಟ್ಟಾಗಿ ಕೂರಿಸುವುದು. “ಲೆಕ್ಕ ಅದು ಮಾಡ್ತೈತಿ. ಮಾಡಿದ್ದನ್ನ ಮನುಷ್ಯಾರ ಮುಂದ ಹ್ಯಾಂಗ ಇಡಬೇಕು ಅನ್ನೂದು ನಮ್ಮ ಕೆಲಸ. ಗಂಗಾಳದಾಗ ಹಾಕಿ ಕೊಡೂದಕ್ಕೂ ನೆಲದ ಮ್ಯಾಲೆ ಸುರಿಯೂದಕ್ಕೂ ಫರಕ್ ಐತಿಲ್ಲ?” ಎನ್ನುತ್ತಿದ್ದರು.

ಯಾರೂ ನೇರವಾಗಿ ಕೀಲಿ ಮುಟ್ಟುವಂತಿರಲಿಲ್ಲ. ಮೊದಲು ಚೌಕಳಿ ಹಾಳೆ. ಅಡ್ಡಕ್ಕೆ ಎಂಬತ್ತು ಚೌಕ, ಚೌಕಕ್ಕೊಂದು ಅಕ್ಷರ. ಸ್ಕ್ರೀನಿನ ಸಾಲೂ ಎಂಬತ್ತು, ಪ್ರಿಂಟರಿನ ಸಾಲೂ ಎಂಬತ್ತು. ಹೆಸರು ಎಡಗ್ವಾಡಿಗೆ, ಅಂದರೆ ಎಡಗಡೆಯ ಗೋಡೆಗೆ, ಆತು ಕೂರಬೇಕು, ಅಂಕಿ ಬಲಗ್ವಾಡಿಗೆ. ದಶಾಂಶದ ಚುಕ್ಕಿಗಳು ಒಂದರ ಕೆಳಗೊಂದು ನಿಲ್ಲಬೇಕು. ಎರಡು ಕಾಲಮ್ಮಿನ ನಡುವೆ ಓಡಾಡಲು ದಾರಿ ಬಿಡಬೇಕು. ಬಿಟ್ಟ ಚೌಕವನ್ನೂ ಅವರು ಪೆನ್ನಿನ ಹಿಂಬದಿಯಿಂದ ತಟ್ಟಿ ಎಣಿಸುತ್ತಿದ್ದರು. “ಖಾಲಿ ಅಂದ್ರ ಏನೂ ಇಲ್ಲಂತಲ್ಲ. ಅದೂ ಒಂದು ಅಕ್ಷರನ. ಅದಕ್ಕೂ ಜಾಗ ಕೊಡ್ರಿ.” ಜಾಗ ಹಾರಿಸಲು ಟ್ಯಾಬ್ ಒತ್ತಿದವರಿಗೆ ಮಾತ್ರ ಸಿಟ್ಟು ಮಾಡುತ್ತಿದ್ದರು. ಸ್ಕ್ರೀನಿನ ಮೇಲೆ ನೆಟ್ಟಗೆ ಕಂಡದ್ದು ಫೈಲಿಗೆ ಹೋದಾಗ, ಫೈಲಿನಿಂದ ಕಾಗದಕ್ಕೆ ಇಳಿದಾಗ ಬೇರೆ ಬೇರೆ ಕಡೆ ಹೋಗಿ ನಿಲ್ಲುತ್ತದೆ ಎಂಬುದು ಅವರ ತಕರಾರು. ಮೂರೂ ಕಡೆ ಒಂದೇ ಥರ ಕಂಡರೆ ಮಾತ್ರ ಕೆಲಸ ಮುಗಿದಂತೆ.

ಹೆಸರಿಗೆ ಎಷ್ಟು ಚೌಕ ಬಿಡಬೇಕು ಎಂಬ ಪಾಠ ನನಗೆ ಕಣ್ಣಿಗೆ ಕಟ್ಟಿದಂತಿದೆ. ನಮ್ಮ ಕಡೆ ಮನೆಗೊಬ್ಬರು ಊರದೇವರ ಹೆಸರಿನವರು. ಕೊಟ್ರಪ್ಪ, ಕೊಟ್ರೇಶ, ಕೊಟ್ರವ್ವ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೊಟ್ರೇಶಾ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಯಾವ ಕೊಟ್ರೇಶ, ಯಾವ ಕೊಟ್ರವ್ವ ಎಂದು ತಿಳಿಯುವುದು ಹಿಂದೆ ಬರುವ ಅಪ್ಪನ ಹೆಸರಿನಿಂದ, ಗಂಡನ ಹೆಸರಿನಿಂದ. ಹೀಗಾಗಿ ಸರ್ ಒಂದು ದಿನ ನಮ್ಮನ್ನೆಲ್ಲ ಸಂತೆಗೆ ಓಡಿಸಿದರು. ಅತಿ ಉದ್ದದ ಹೆಸರು ಹಿಡಿದು ತರಬೇಕು. ಒಬ್ಬಳು ಕೈ ಎತ್ತಿ, “ಸರ್, ನಮ್ಮಜ್ಜಂದು ಬಾಳ ಉದ್ದ ಐತ್ರಿ. ಆದ್ರ ಅಜ್ಜ ತೀರ್ಕೊಂಡಾನ್ರಿ” ಎಂದಳು. “ತೀರ್ಕೊಂಡ್ರೇನಾತು, ಹೆಸರು ಐತಲ್ಲ. ಬರಿ” ಎಂದರು ಸರ್.

ಆವತ್ತು ಗೆದ್ದದ್ದು ನಾನು ತಂದ ಹೆಸರು. ಬದನೆಕಾಯಿ ಮಾರುತ್ತಿದ್ದ ಗಂಗಾಂಬಿಕೆ, ಅವಳ ಗಂಡ ವೀರಭದ್ರಯ್ಯ. ಇಂಗ್ಲಿಷಿನಲ್ಲಿ ಬರೆದು, ನಡುವೆ ಇಂಥವರ ಹೆಂಡತಿ ಎನ್ನುವುದಕ್ಕೆ ಡಬ್ಲ್ಯೂ, ಗೆರೆ, ಓ ಹಾಕಿ ಎಣಿಸಿದರೆ ಇಪ್ಪತ್ತೊಂಬತ್ತು ಚೌಕ. “ಉಸಿರಾಡಾಕ ಒಂದು” ಎಂದು ಸರ್ ಮತ್ತೊಂದು ಸೇರಿಸಿದರು. ಮೂವತ್ತು. ಅಂದಿನಿಂದ ಅವರು ಬರೆದ ಯಾವ ಪ್ರೋಗ್ರಾಮಿನಲ್ಲೂ ಹೆಸರಿಗೆ ಮೂವತ್ತು ಚೌಕಕ್ಕಿಂತ ಕಡಿಮೆ ಇರಲಿಲ್ಲ.

ಅದೇ ದಿನವೋ ಮರುದಿನವೋ ಕತ್ತರಿಯ ಪಾಠ ಆಯಿತು. ಪ್ರೋಗ್ರಾಮಿನಲ್ಲಿ ಎಷ್ಟು ಚೌಕ ಎಂಬ ಅಳತೆಯ ಅಂಕಿ ಬರೆದು ಅದರ ಮುಂದೆ ಒಂದು ಚುಕ್ಕಿ ಇಟ್ಟು ಇನ್ನೊಂದು ಅಂಕಿ ಬರೆದರೆ, ಅಷ್ಟಕ್ಕಿಂತ ಉದ್ದ ಇರುವುದನ್ನು ಯಂತ್ರ ಕತ್ತರಿಸಿ ಹಾಕುತ್ತದೆ. ಬರೀ ಅಳತೆ ಬರೆದರೆ ಉದ್ದದ ಹೆಸರು ಪಕ್ಕದ ಕಾಲಮ್ಮನ್ನು ನೂಕಿಕೊಂಡು ಹೋಗುತ್ತದೆ, ಸಾಲು ಸೊಟ್ಟಗಾಗುತ್ತದೆ. ಚುಕ್ಕಿ ಇಟ್ಟರೆ ಸೊಟ್ಟಗಾಗುವುದಿಲ್ಲ. “ಇದು ಕತ್ತರಿ. ಸಾಮಾನಿನ ಹೆಸರಿಗೆ ಹಚ್ರಿ, ಊರಿನ ಹೆಸರಿಗೆ ಹಚ್ರಿ. ಮನುಷ್ಯಾರ ಹೆಸರಿಗೆ ಮಾತ್ರ ಹಚ್ಚಬ್ಯಾಡ್ರಿ” ಎಂದರು. ನಾನು ಅದನ್ನು ಬರೆದುಕೊಂಡೆ. ಕೆಳಗೆ ಗೆರೆಯನ್ನೂ ಎಳೆದೆ.

ಕಲಿತು ಮುಗಿದ ಮೇಲೆ ನನಗೆ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಕೊಡಿಸಿದವರೂ ಸರ್ರೇ. ಅಲ್ಲಿಯ ಪ್ರೋಗ್ರಾಂ ಅವರು ಬರೆದದ್ದು. ಅಪ್ಪನಿಗೆ ಆಗ ಪಾರ್ಶ್ವವಾಯು ಬಡಿದು ಬಲಗೈ ಬಿದ್ದುಹೋಗಿತ್ತು. ಮನೆ ನನ್ನ ಸಂಬಳದ ಮೇಲೆ ನಡೆಯುತ್ತಿತ್ತು. ಲ್ಯಾಬಿನಲ್ಲಿ ನಮ್ಮದೊಂದು ಪದ್ಧತಿ. ದಿನದ ಫಲಿತಾಂಶವೆಲ್ಲ ಒಬ್ಬೊಬ್ಬರಿಗೆ ಒಂದೊಂದು ಸಾಲಿನಂತೆ ಪ್ರಿಂಟ್ ಆಗುತ್ತಿತ್ತು. ನಾನು ಸ್ಕೇಲ್ ಇಟ್ಟು ಸಾಲು ಸಾಲಾಗಿ ಹರಿದು, ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಉದ್ದನೆಯ ಕಾರ್ಡಿಗೆ ಮೈದಾ ಅಂಟಿನಿಂದ ಹಚ್ಚುತ್ತಿದ್ದೆ. ಕಾರ್ಡಿನ ಮೇಲೆ ಹೆಸರು, ವಯಸ್ಸು, ಸಕ್ಕರೆ, ಯೂರಿಯಾ ಎಂದು ತಲೆಬರಹ ಇರುತ್ತಿತ್ತು. ಪಟ್ಟಿಯ ಅಂಕಿಗಳು ಸರಿಯಾಗಿ ಅವುಗಳ ಕೆಳಗೇ ಬಂದು ಕೂರಬೇಕು. ಸರ್ ಚೌಕ ಎಣಿಸಿ ಹಾಗೆ ಮಾಡಿದ್ದರು. ಹಚ್ಚಿದ ಮೇಲೆ ಇದು ಬೇರೆ ಕಾಗದ ಎಂದು ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಲ್ಯಾಬಿನ ಯಜಮಾನರು ಹೊಸ ಪರೀಕ್ಷೆಯೊಂದನ್ನು ತಂದರು. ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ. ಅದಕ್ಕೆ ಕಾರ್ಡಿನಲ್ಲಿ ಜಾಗ ಬೇಕಲ್ಲ? ಯಜಮಾನರು ಸರ್ ಅವರನ್ನು ಕೇಳದೆಯೇ ಹೊಸ ಕಾರ್ಡು ಅಚ್ಚು ಹಾಕಿಸಿಬಿಟ್ಟರು. ಪ್ರೆಸ್ಸಿನವನು ಹೆಸರಿನ ಜಾಗವನ್ನು ಅರ್ಧಕ್ಕೆ ಒತ್ತಿ, ಪಕ್ಕದಲ್ಲಿ ಹೊಸ ತಲೆಬರಹ ತೂರಿಸಿದ್ದ. ಆ ವಾರವೇ ಸರ್ ತಾಯಿಗೆ ಹುಷಾರಿಲ್ಲವೆಂದು ಹಿರೇಹಡಗಲಿಗೆ ಹೋಗಿದ್ದರು. ಆಗ ಮೊಬೈಲ್ ಇಲ್ಲ. ಯಜಮಾನರು ದಿನಾ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಿದ್ದರು. “ಏನವಾ, ಕಲ್ತೀನಿ ಕಲ್ತೀನಿ ಅಂತೀ, ಇಷ್ಟು ಮಾಡಾಕ ಬರಂಗಿಲ್ಲೇನು? ನಿಮ್ಮ ಸರ್ ಬರೂಮಟ ಜನದ ರಕ್ತ ಕಾಯ್ತೈತೇನು?”

ಮೂರನೆಯ ದಿನ ನಾನೇ ಪ್ರೋಗ್ರಾಂ ತೆರೆದೆ. ಹೊಸ ಕಾರ್ಡಿನ ಹೆಸರಿನ ಜಾಗ ಅಳೆದೆ. ಹದಿನಾರು ಚೌಕ. ಮೂವತ್ತು ಅಳಿಸಿ ಹದಿನಾರು ಹಾಕಿದೆ. ಉದ್ದದ ಹೆಸರುಗಳು ಅಂಕಿಗಳನ್ನು ನೂಕಿದವು. ಆಗ ಚುಕ್ಕಿ ಇಟ್ಟೆ. ಚುಕ್ಕಿಯ ಮುಂದೆ ಮತ್ತೆ ಹದಿನಾರು. ಎಲ್ಲ ನೆಟ್ಟಗೆ ನಿಂತಿತು. ಪಟ್ಟಿಯನ್ನು ಕಾರ್ಡಿನ ಮೇಲಿಟ್ಟು ನೋಡಿದೆ, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ಆ ಸಂಜೆ ಮನೆಗೆ ನಡೆದುಹೋಗುವಾಗ ಎಷ್ಟು ಖುಷಿಯಾಗಿದ್ದೆ ಎಂಬುದನ್ನು ಹೇಳಲೇಬೇಕು. ಸರ್ ಬಂದ ಕೂಡಲೇ ತೋರಿಸಬೇಕು, ಅವರು ಪೆನ್ನಿನಿಂದ ತಟ್ಟಿ ತಟ್ಟಿ ಎಣಿಸಿ, ಹ್ಞೂಂ ಎನ್ನಬೇಕು… ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಗೆರೆ ಎಳೆದು ಬರೆದುಕೊಂಡ ಮಾತು ನೆನಪಿಗೇ ಬರಲಿಲ್ಲ.

ಸರ್ ಹದಿನೈದು ದಿನದ ಮೇಲೆ ಬಂದರು, ತಲೆ ಬೋಳಿಸಿಕೊಂಡು. ತಾಯಿ ತೀರಿಹೋಗಿದ್ದರು. ಅಂಥ ಹೊತ್ತಿನಲ್ಲಿ ನಾನು ಕಾರ್ಡು ತೋರಿಸುವುದು ಹೇಗೆ? ಇನ್ನೊಂದು ದಿನ ಹೇಳಿದರಾಯಿತು ಎಂದುಕೊಂಡೆ. ಇನ್ನೊಂದು ದಿನ ಬೇರೇನೋ ಕೆಲಸ ಬಂತು. ಆಮೇಲೆ ಅದು ಹೇಳುವಂಥ ಸುದ್ದಿಯಾಗಿಯೇ ಉಳಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಲ್ಯಾಬಿಗೆ ಇಬ್ಬರು ಕೊಟ್ರವ್ವರು ಬಂದರು. ಒಬ್ಬಳು ಉಚ್ಚಂಗಿದುರ್ಗದ ಕಡೆಯ ಕುರಿ ಸಾಕುವ ಮನೆಯವಳು, ಗಂಡನ ಹೆಸರು ಬಸಪ್ಪ. ಇನ್ನೊಬ್ಬಳು ಹಗರಿಬೊಮ್ಮನಹಳ್ಳಿಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಮನೆಯವಳು, ಗಂಡ ಬಸವರಾಜಪ್ಪ. ಹೆಸರು ಬರೆಸುವಾಗ ಗಂಡಂದಿರು ಜೊತೆಗಿದ್ದರು, ಅವರೇ ಹೇಳಿ ಬರೆಸಿದರು. ವಯಸ್ಸು ಕೇಳಿದರೆ ಇಬ್ಬರೂ “ನೀವ ನೋಡಿ ಹಾಕ್ರಿ” ಎಂದರು. ನೋಡಿ, ಇಬ್ಬರಿಗೂ ನಲವತ್ತು ಎಂದು ಹಾಕಿದೆ.

ಮಧ್ಯಾಹ್ನ ಕಾರ್ಡು ಕೊಡುವ ಕಿಟಕಿಯಲ್ಲಿ ಜನವೋ ಜನ. ಮೊದಲು ಕುರಿಯವರ ಮನೆಯ ಕೊಟ್ರವ್ವ ಬಂದಳು, ಒಬ್ಬಳೇ. ಗಂಡ ಹೊರಗೆ ಬೀಡಿ ಸೇದುತ್ತಿದ್ದನಂತೆ. ನಂಬರಿನ ಚೀಟಿ ಕೇಳಿದೆ, ಎಲ್ಲೋ ಬಿದ್ದುಹೋಗಿತ್ತು. ನನ್ನ ಕೈಯಲ್ಲಿ ಕೊಟ್ರವ್ವನ ಕಾರ್ಡು ಎರಡು. ಎರಡರಲ್ಲೂ ಹದಿನಾರು ಚೌಕ. ಕೊಟ್ರವ್ವ ಎನ್ನುವುದಕ್ಕೆ ಇಂಗ್ಲಿಷಿನ ಎಂಟು, ಒಂದು ಖಾಲಿ, ಡಬ್ಲ್ಯೂ-ಗೆರೆ-ಓ ಮೂರು, ಮತ್ತೊಂದು ಖಾಲಿ. ಹದಿಮೂರು ಅಲ್ಲಿಗೇ ಮುಗಿಯಿತು. ಗಂಡನ ಹೆಸರಿಗೆ ಉಳಿದದ್ದು ಮೂರು. ಬಿ, ಎ, ಎಸ್. ಎರಡರಲ್ಲೂ ಅಷ್ಟೇ.

“ಗಂಡನ ಹೆಸರೇನವಾ?” ಎಂದೆ.

ಅವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ನಮ್ಮ ಕಡೆಯ ಹೆಂಗಸರು ಗಂಡನ ಹೆಸರು ಹೇಳುತ್ತಾರೆಯೇ? ಹಿಂದೆ ನಿಂತವರೂ ನಕ್ಕರು. “ಹೇಳವ, ಅಂವೇನು ಇಲ್ಲಿ ಕೇಳಾಕತ್ತಿಲ್ಲ” ಎಂದು ಯಾರೋ ಚಾಷ್ಟಿ ಮಾಡಿದರು.

“ಬಸವಣ್ಣನ ಹೆಸರರಿ” ಎಂದಳು ಕೊನೆಗೆ.

ಪೂರ್ತಿ ಹೆಸರು ಕಾರ್ಡಿನಲ್ಲಿದ್ದಿದ್ದರೆ ಓದಿ ಹೇಳುತ್ತಿದ್ದೆ. ಬಸಪ್ಪನೋ, ಬಸವರಾಜಪ್ಪನೋ? ಅವಳು ತಲೆ ಅಲ್ಲಾಡಿಸುತ್ತಿದ್ದಳು, ಮುಗಿದುಹೋಗುತ್ತಿತ್ತು. ನಾನು ಕಾರ್ಡು ನೋಡಿದೆ. ಬಸ. ಬಸವಣ್ಣನ ಹೆಸರೇ. ಮೇಲಿನ ಕಾರ್ಡು ಕೊಟ್ಟುಬಿಟ್ಟೆ. ತಾಸಿನ ನಂತರ ಇನ್ನೊಬ್ಬಳು ಬಂದಾಗ, ಚೀಟಿಯ ನಂಬರನ್ನೂ ನೋಡದೆ, ಉಳಿದದ್ದು ಕೊಟ್ಟೆ.

ಎರಡು ತಿಂಗಳ ಮೇಲೆ ಅಂಗಡಿಯ ಬಸವರಾಜಪ್ಪ ಲ್ಯಾಬಿನ ಬಾಗಿಲಿಗೆ ಬಂದು ನಿಂತರು. ಸಿಟ್ಟು, ನಗು ಎರಡೂ ಮುಖದ ಮೇಲಿದ್ದವು. “ಏನ್ರಿ ನಿಮ್ಮ ಮಿಷನ್ನು? ನಮ್ಮ ಮನ್ಯಾಕಿನ್ನ ಅರ್ಧ ಕೊಂದುಬಿಟ್ಟಿತ್ತಲ್ರಿ. ಕಿಡ್ನಿ ಹೋಗ್ಯಾವು ಅಂತ ಕೊಟ್ರಿ. ದಾವಣಗೆರಿಗೆ ಹೋಗಿ ಎರಡೆರಡು ಸಲ ತೋರಿಸಿದ್ವಿ, ಕಲ್ಲಿನಂಗ ಅದಾಳ ಆಕಿ. ಸಾಯ್ತೀನಿ ಅಂತ ತನ್ನ ಸೀರಿ ಎಲ್ಲಾ ತಂಗೀಗೆ ಹಂಚಿಬಿಟ್ಟಾಳ. ಈಗ ವಾಪಸ್ ಕೇಳಾಕ ನೀವು ಬರ್ತೀರೇನು?” ಕಾಯುತ್ತಿದ್ದವರೆಲ್ಲ ನಕ್ಕರು. ಹಾಗಾದರೆ ಆ ಇನ್ನೊಬ್ಬಳು?

ಯಜಮಾನರು ಸರ್‌ಗೆ ಹೇಳಿಕಳಿಸಿದರು. ಸರ್ ಗಿರಣಿಯಿಂದ ನಡೆದೇ ಬಂದರು. ಆ ದಿನದ ಹಾಳೆಯ ಫೈಲ್ ತೆಗೆದರು. ಸ್ಕ್ರೀನಿನ ಮೇಲೆ ಎರಡು ಸಾಲು ಒಂದೇ ಥರ. ಹೆಸರೂ ಅದೇ, ವಯಸ್ಸೂ ಅದೇ. ಬೇರೆಯಾಗಿದ್ದದ್ದು ಸಾಲಿನ ಮೊದಲ ನಂಬರು, ಕೊನೆಯ ಅಂಕಿಗಳು. ಆಮೇಲೆ ಪ್ರೋಗ್ರಾಂ ತೆರೆದರು. ಹೆಸರಿನ ಸಾಲಿಗೆ ಬಂದು ನಿಂತರು. ಹದಿನಾರು, ಚುಕ್ಕಿ, ಹದಿನಾರು. ನಾನು ಅವರ ಬೆನ್ನ ಹಿಂದೆ ಚಹಾದ ಲೋಟ ಹಿಡಿದು ನಿಂತಿದ್ದೆ. ಅವರು ತಿರುಗಿ ನೋಡುತ್ತಾರೆ, ಕೇಳುತ್ತಾರೆ ಎಂದು ಕಾದೆ. ಕೇಳಿದ್ದರೆ ಹೇಳುತ್ತಿದ್ದೆ. ಹಾಗೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಸರ್ ಆ ಸಾಲಿನಿಂದ ಕಣ್ಣು ತೆಗೆಯಲಿಲ್ಲ. ಚಹಾ ಕೆನೆಗಟ್ಟಿತು.

“ಯಾರ ಕೆಲಸ ಸರ್ ಇದು?” ಯಜಮಾನರು ನನ್ನ ಕಡೆ ನೋಡುತ್ತಾ ಕೇಳಿದರು. ಪ್ರೋಗ್ರಾಂ ತಿದ್ದಲು ನನ್ನನ್ನು ಅವಸರಪಡಿಸಿದ್ದು ಅವರಿಗೆ ನೆನಪಿರಲಿಲ್ಲವೋ, ನೆನಪಿರುವುದು ಬೇಡವಾಗಿತ್ತೋ.

“ನಂದ್ರಿ. ನಾನ ಮಾಡೀನಿ” ಎಂದರು ಸರ್.

ತಾಯಿ ತೀರಿದ ಗದ್ದಲದಲ್ಲಿ ನಾನೇ ಬದಲಿಸಿ ಮರೆತಿದ್ದೇನೆ ಎಂದು ಸರ್ ಅಂದುಕೊಂಡಿದ್ದಾರೆ… ನಾನು ಹಾಗೆ ತಿಳಿದೆ. ಹಾಗೆ ತಿಳಿಯುವುದು ನನಗೆ ಬೇಕಾಗಿತ್ತು. ಮನೆಯಲ್ಲಿ ಅಪ್ಪ ಹಾಸಿಗೆಯಲ್ಲಿದ್ದ. ಈ ಕೆಲಸ ಹೋದರೆ ಇನ್ನೊಂದಿಲ್ಲ. ನಾನು ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದೆ.

ಮರುದಿನ ಮೊದಲ ಬಸ್ಸಿಗೆ ಸರ್ ಕುರಿಯವರ ಬಸಪ್ಪನ ಊರಿಗೆ ಹೋದರು. ಕೊಟ್ರವ್ವ ತೀರಿಹೋಗಿ ಹನ್ನೊಂದು ದಿನವಾಗಿತ್ತು. ಕಾಲು ಬಾತು, ಮುಖ ಬಾತು, ಉಸಿರು ಕಟ್ಟಿತ್ತಂತೆ. ರಕ್ತ ಪರೀಕ್ಷೆಯಲ್ಲಿ ಏನೂ ಇಲ್ಲ ಅಂದಿದ್ದಾರಲ್ಲ ಎಂದು ಕಷಾಯ ಕುಡಿಸಿ ಕಾದಿದ್ದರಂತೆ. ಆ ಕಾರ್ಡನ್ನು ದೇವರ ಮಾಡದಲ್ಲಿ ಇಟ್ಟಿದ್ದರಂತೆ. ಸರ್ ನನಗೆ ಇಷ್ಟನ್ನೇ ಹೇಳಿದ್ದು, ಅದೂ ಗೋಡೆ ನೋಡುತ್ತಾ. “ಎಲ್ಲಾ ಬಿಡಿಸಿ ಹೇಳಿದೆವಾ. ತಪ್ಪು ನಂದು ಅಂದೆ. ಬಸಪ್ಪ ಕಂಬಳಿ ಹಾಸಿದ, ಉಂಡು ಹೋಗ್ರಿ ಅಂದ. ಆಕಿ ಹಣಿಯಾಗ ಇಷ್ಟ ಬರ್ದಿತ್ರಿ ಸರ, ನೀವೇನ ಮಾಡ್ತೀರಿ ಅಂದ.” ಆಮೇಲೆ, “ಬೈದಿದ್ರ ಚಲೋ ಇತ್ತು” ಎಂದರು.

ಎರಡು ತಿಂಗಳು ಮೊದಲೇ ಗೊತ್ತಾಗಿದ್ದರೆ ಉಳಿಯುತ್ತಿದ್ದಳೇ ಎಂದು ಸರ್ ಡಾಕ್ಟರರೊಬ್ಬರನ್ನು ಕೇಳಿದ್ದರು. ಹೇಳಲು ಬರುವುದಿಲ್ಲ ಎಂದರಂತೆ. ಆ ಉತ್ತರ ಅವರಿಗೆ ಯಾವ ಕಡೆಗೂ ಸಾಲಲಿಲ್ಲ.

ಲ್ಯಾಬಿನವರು ಬೇರೆ ಊರಿನ ಪ್ರೋಗ್ರಾಂ ತರಿಸಿದರು. ಸುದ್ದಿ ಹಬ್ಬಿ ಅಕ್ಕಿ ಗಿರಣಿ, ಹಾಲಿನ ಡೈರಿ ಎಲ್ಲ ಕಡೆಯ ಕೆಲಸವೂ ಸರ್ ಕೈಬಿಟ್ಟಿತು. ಬಿಟ್ಟಿತೋ, ಅವರೇ ಬಿಟ್ಟರೋ. ಕಲಿಯಲು ಬಂದವರನ್ನು ಬೇರೆ ಕಡೆ ಹೋಗ್ರಿ ಎಂದು ಕಳಿಸತೊಡಗಿದರು. ವರ್ಷದೊಳಗೆ ಗಿರಣಿಯ ಮೇಲಿನ ಕೋಣೆಗಳಿಗೆ ಬೀಗ ಬಿತ್ತು. ಅಕ್ಕ ಮನೆಯಲ್ಲಿ ರೊಟ್ಟಿ ಬಡಿದು ಹೋಟೆಲುಗಳಿಗೆ ಕೊಡಲು ಶುರುಮಾಡಿದರು. ಸರ್ ಪಡಸಾಲೆಯಲ್ಲಿ ಚೌಕಳಿ ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಮನೆಗೆ ಬಂದವರ ಹೆಸರು ಪೂರ್ತಿ ಕೇಳಿ, ಚೌಕಕ್ಕೊಂದು ಅಕ್ಷರ ಹಾಕಿ ಬರೆದುಕೊಳ್ಳುತ್ತಿದ್ದರು. ಮೊಸರಿನವಳು, ಕರೆಂಟ್ ಬಿಲ್ಲಿನವನು, ಪಕ್ಕದ ಮನೆಗೆ ಬಂದ ಬೀಗರು. “ನಿಮ್ಮ ಸರ್‌ಗೆ ತಲಿ ಕೆಟ್ಟೈತೇನು?” ಎಂದು ಯಾರೋ ನನ್ನನ್ನೇ ಕೇಳಿದರು.

ನಾನು ಹಬ್ಬಕ್ಕೆ, ಅಮಾವಾಸ್ಯೆಗೆ ಹೋಗಿ ಬರುತ್ತಿದ್ದೆ. ಹೋಳಿಗೆ ಮಾಡಿದರೆ ನಾಲ್ಕು ಅವರ ಮನೆಗೆ. ಮದುವೆಯಾಯಿತು, ಮಕ್ಕಳಾದವು, ಅಪ್ಪ ತೀರಿದ, ಲ್ಯಾಬಿನ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು. ಹೇಳಿದರೆ ಕಳೆದುಕೊಳ್ಳುವಂಥದ್ದು ನನ್ನಲ್ಲಿ ಏನೂ ಉಳಿದಿರಲಿಲ್ಲ, ಅವರ ಮರ್ಯಾದೆಯ ನೋಟವೊಂದನ್ನು ಬಿಟ್ಟು. ಪ್ರತಿ ಸಲ ಏಳುವಾಗ ಸರ್ ಕೇಳುತ್ತಿದ್ದರು, “ಮತ್ತ, ಹೇಳೂದೇನರ ಐತೇನವಾ?” ಎಲ್ಲರನ್ನೂ ಹಾಗೇ ಕೇಳುತ್ತಾರೆ ಎಂದುಕೊಂಡಿದ್ದೆ. “ಏನಿಲ್ರಿ ಸರ್” ಎನ್ನುತ್ತಿದ್ದೆ. “ಆತು ಹಂಗಾರ, ಹೋಗಿಬಾ” ಎನ್ನುತ್ತಿದ್ದರು.

ಕೊನೆಯ ವರ್ಷ ಒಮ್ಮೆ ಅವರ ಮುಖ ಬೆಳಗಿದ್ದು ನೋಡಿದೆ. ನಾನೀಗ ಒಂದು ಜೆರಾಕ್ಸ್ ಅಂಗಡಿಯಲ್ಲಿ ಪಟ್ಟಿಗಳನ್ನು ಮಾಡಿಕೊಡುತ್ತೇನೆ. ಈಗ ಹೆಸರುಗಳನ್ನು ಕನ್ನಡದಲ್ಲೇ ಹೊಡೆಯುತ್ತೇವೆ, ಆದರೆ ಕಪ್ಪು ಸ್ಕ್ರೀನಿನಲ್ಲಿ ಸಾಲು ನೆಟ್ಟಗೆ ನಿಲ್ಲುವುದೇ ಇಲ್ಲ ಎಂದೆ. ಒಂದು ಹೆಸರು ಕಣ್ಣಿಗೆ ಮೂರಕ್ಷರ ಕಂಡರೂ ಕೊಂಬು, ಒತ್ತು ಎಲ್ಲ ಸೇರಿಸಿ ಯಂತ್ರ ಎಂಟು ಎಂದು ಎಣಿಸುತ್ತದೆ ಎಂದು ವಿವರಿಸಿದೆ. ಸರ್ ಮುಂದಕ್ಕೆ ಬಾಗಿದರು. “ಅದು ಎಣಿಸಿದ್ದನ್ನ ನಂಬಬ್ಯಾಡ. ಕಣ್ಣಿಗೆ ಎಷ್ಟು ಕಾಣತೈತಿ, ಅದನ್ನ ಎಣಿಸಾಕ ಅದಕ್ಕ ಕಲಸು. ಆಮ್ಯಾಲೆ ಖಾಲಿ ತುಂಬು” ಎಂದರು. ಬೆರಳು ಮೊಣಕಾಲಿನ ಮೇಲೆ ತಟ್ಟುತ್ತಿತ್ತು. ಎಷ್ಟೋ ವರ್ಷದ ಮೇಲೆ ಆ ತಟ್ಟು ನೋಡಿದೆ. “ಯಾವ ಹೆಸರು ಅದು, ಎಂಟು ಆಗೂದು?” ಎಂದು ಕೇಳಿದರು.

ನನ್ನ ಬಾಯಲ್ಲಿ ಬಂದ ಉದಾಹರಣೆ ಕೊಟ್ರವ್ವನದೇ. ಹೇಳಲಿಲ್ಲ. ಯಾವುದೋ ಒಂದು ಅಂದೆ. ಬೆರಳು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ, “ಮತ್ತ, ಹೇಳೂದೇನರ ಐತೇನವಾ?” ಎಂದರು.

ಏನಿಲ್ಲ ಎಂದೆ. ಆಮೇಲೆ ನಾನು ಅವರನ್ನು ನೋಡಿದ್ದು ಅವರು ತೀರಿಕೊಂಡ ದಿನ, ಅವರ ಮನೆಯ ಅಂಗಳದಲ್ಲಿ, ಜನದ ನಡುವೆ, ಮುಖದ ಮೇಲೆ ವಿಭೂತಿ ಬಳಿದು ಕೂರಿಸಿದಾಗ…

ನಿನ್ನೆ ಮಧ್ಯಾಹ್ನ ಅಡುಗೆ ಮುಗಿಸಿ ಆ ನೋಟ್‌ಬುಕ್ ತೆರೆದೆ. ಲ್ಯಾಬಿನ ಪುಟ ಹುಡುಕುವುದೇನೂ ಕಷ್ಟವಾಗಲಿಲ್ಲ. ಎಂಬತ್ತು ಚೌಕ, ಮೊದಲ ಸಾಲಿನಲ್ಲಿ ನಾನು ಸಂತೆಯಿಂದ ತಂದ ಗಂಗಾಂಬಿಕೆಯ ಹೆಸರು. ಪಕ್ಕದಲ್ಲಿ ಅವರ ಕೈಬರಹ: ಹೆಸರಿಗೆ ಮೂವತ್ತು, ಕತ್ತರಿ ಇಲ್ಲ. ಅಂದರೆ ಅವರು ಹಾಕಿದ್ದ ಅಳತೆ ಅವರ ಮನೆಯಲ್ಲೇ, ಅವರ ಕೈಯಳತೆಯಲ್ಲೇ ಇತ್ತು. ಮರೆಯುವ ಮಾತೇ ಇರಲಿಲ್ಲ. ಆ ದಿನ ಸ್ಕ್ರೀನಿನ ಮುಂದೆ ಸುಮ್ಮನೆ ಕೂತಿದ್ದಾಗಲೇ ಅವರಿಗೆ ಗೊತ್ತಾಗಿತ್ತು. ಹಿಟ್ಟು ಒರೆಸುವ ಕೆಲಸದಿಂದ ಹಿಡಿದು ಎಲ್ಲವನ್ನೂ ತಾವೇ ಕಲಿಸಿದ ನನ್ನ ಕೈಯ ಕೆಲಸ ಅವರಿಗೆ ಗೊತ್ತಾಗದಿರುತ್ತದೆಯೇ?

ಪುಟ ತಿರುವಿದೆ. ಹೊಸ ಕಾರ್ಡಿಗೆ ಹೊಂದುವ ಇನ್ನೊಂದು ಅಳತೆ ಹಾಕಿದ್ದರು, ಆಮೇಲೆ ಯಾರೂ ಕೇಳದಿದ್ದರೂ. ಮೇಲಿನ ಸಾಲಿನಲ್ಲಿ ಹೆಸರೊಂದೇ, ಪೂರ್ತಿ. ಕೆಳಗಿನ ಸಾಲಿನಲ್ಲಿ ಅಂಕಿಗಳು. ಪಟ್ಟಿಯನ್ನು ಒಂದರ ಬದಲು ಎರಡು ಸಾಲಿಗೆ ಹರಿಯಬೇಕು, ಅಷ್ಟೇ. ಅರ್ಧ ತಾಸಿನ ಕೆಲಸ. ನಾನು ಅವರು ಬರುವವರೆಗೆ ಕಾದಿದ್ದರೆ, ಬಂದ ಮೇಲಾದರೂ ಬಾಯಿಬಿಟ್ಟಿದ್ದರೆ…

ಅಕ್ಕನಿಗೆ ಫೋನ್ ಮಾಡಿದೆ. ಹೇಗಿದ್ದೀರಿ ಎಂದು ಕೂಡ ಕೇಳಲಿಲ್ಲ. ಒಂದೇ ಉಸಿರಿಗೆ ಹೇಳಿದೆ. ಹದಿನಾರು ನಾನು ಹಾಕಿದ್ದು, ಸರ್ ಅಲ್ಲ ಎಂದು.

ಆ ಕಡೆ ಪಾತ್ರೆ ತೊಳೆಯುವ ಸದ್ದು ನಿಂತಿತು. “ಗೊತ್ತೈತವಾ” ಎಂದರು ಅಕ್ಕ. “ಮೊದಲಿಂದ ಗೊತ್ತೈತಿ. ನಾ ಬಂದು ಕೇಳ್ತೀನಿ ಅಂತ ಎದ್ದಿದ್ದೆ ಆವತ್ತ. ಅವರು ಬಿಡಲಿಲ್ಲ. ನೀ ಕೇಳಬ್ಯಾಡ, ಆಕಿನ ಬಂದು ಹೇಳ್ತಾಳ ಅಂದ್ರು.”

ಆ ಕಡೆ ಒಂದು ಪಾತ್ರೆ ಕೆಳಗಿಟ್ಟ ಸದ್ದು. “ನೀ ಬಂದು ಹೋದ ದಿನ ಎಲ್ಲಾ ಕೇಳ್ತಿದ್ದೆ ನಾನು, ಹೇಳಿದ್ಲೇನ್ರಿ ಅಂತ. ಇಲ್ಲ, ಇನ್ನೊಂದ್ಸಲ ಬಂದಾಗ ಹೇಳ್ತಾಳ ಅಂತಿದ್ರು.” ಆಮೇಲೆ, ಕುಕ್ಕರ್ ಕೂಗುತ್ತಿದೆ ಎಂದು ಫೋನ್ ಇಟ್ಟರು. ಸಿಟ್ಟಿನಿಂದ ಇಟ್ಟರೋ, ನಿಜವಾಗಿ ಕೂಗುತ್ತಿತ್ತೋ. ಮತ್ತೆ ಮಾಡಲು ನನಗೆ ಧೈರ್ಯವಾಗಲಿಲ್ಲ.

ನೋಟ್‌ಬುಕ್ಕಿನ ಕೊನೆಯಲ್ಲಿ ಬರೆಯದ ಹಾಳೆಗಳು ಇನ್ನೂ ಇದ್ದವು. ಮಗಳ ಪೆನ್ನು ತೆಗೆದುಕೊಂಡು ಮೂವತ್ತು ಚೌಕ ಎಣಿಸಿ ಗೆರೆ ಹಾಕಿದೆ. ಸರ್ ಕಲಿಸಿದಂತೆ ಎಡಗ್ವಾಡಿಗೆ ಆತು ಬರೆದೆ. ಕೊಟ್ರವ್ವ, ಬಸಪ್ಪನ ಹೆಂಡತಿ. ಇಂಗ್ಲಿಷಿನಲ್ಲೇ, ಆ ದಿನ ಇರಬೇಕಾಗಿದ್ದಂತೆ, ಪೂರ್ತಿ. ಬರೆದು ಮುಗಿಸಿ ಪೆನ್ನಿನ ಹಿಂಬದಿಯಿಂದ ತಟ್ಟಿ ಎಣಿಸಿದೆ. ಇಪ್ಪತ್ತು ಚೌಕ. ಇನ್ನೂ ಹತ್ತು ಖಾಲಿ ಉಳಿದಿದ್ದವು.